ಎಂಟಕ್ಕೆ ಮೂವತ್ತೊಂಬತ್ತು

ಮೊದಲ ಸೆಟ್ಟನ್ನು ಸುಟ್ಟವನು ನಾನೇ.
ಅಗ್ಗದ್ದು, ಪೆಟ್ಟಿಗೆಯ ಮೇಲೆ ಹುಲಿಯ ಚಿತ್ರವಿತ್ತು.
ಫಿಟ್ ಮಾಡಿಸಿದ ಸಂಜೆಯೇ ಕುರುಡುಮಲೆ ಕಡೆಯ ಬಂಡೆಗೆ
ಗೆಳೆಯರೆದುರು ಜೀಪು ಹತ್ತಿಸಿದೆ.
ಹತ್ತಿತು.
ಇಳಿಯುವಾಗ ಹಿಂದಿನ ಹೌಸಿಂಗಿನೊಳಗೆ ಯಾರೋ
ಸಿಪ್ಪೆ ಸಮೇತ ಕಡಲೆಕಾಯಿ ಅಗಿಯುವ ಸದ್ದು.

ಆ ಹಲ್ಲುಗಳನ್ನು ಪಿಳ್ಳಪ್ಪ ಇನ್ನೂ ಇಟ್ಟಿದ್ದಾನೆ,
ಮುಳಬಾಗಿಲು ದಾಟಿ, ನಂಗಲಿ ರಸ್ತೆಯ ಶೆಡ್ಡಿನಲ್ಲಿ,
ಹಾರ್ಲಿಕ್ಸ್ ಬಾಟಲಿಯೊಳಗೆ ನೀಲಿಗಟ್ಟಿದ ಆರು ಚೂರು.
ಹೊಸ ಗಿರಾಕಿ ಬಂದರೆ ಅಲುಗಾಡಿಸಿ ತೋರಿಸುತ್ತಾನೆ.
ನನ್ನ ಹೆಸರು ಹೇಳುವುದಿಲ್ಲ. ನನ್ನ ಕಡೆ ನೋಡುತ್ತಾನೆ, ಅಷ್ಟೆ.

ಈ ಸಲ ದುಡ್ಡು ಕೂಡಿಸಿಕೊಂಡು ಹೋದೆ.
ನನಗೆ ನಲವತ್ತಮೂರು ಹಲ್ಲಿನ ಕ್ರೌನೇ ಬೇಕು.
"ಗೋಡೆ ಹತ್ತುತ್ತೆ" ಅಂದೆ.
"ಗೋಡೆ ಯಾಕೆ ಹತ್ತಬೇಕು, ಗೇಟಿಲ್ವಾ?" ಅಂದ.
ಸೀಮೆಸುಣ್ಣ ತಗೊಂಡು ಬಾನೆಟ್ಟಿನ ಮೇಲೇ ಬರೆದ:
ಟೈರು ಮೂವತ್ತಮೂರು ಇಂಚು. ಹಳೇದು ಇಪ್ಪತ್ತೆಂಟು.
ಗುಣಿಸಿ, ಭಾಗಿಸಿ,
ಒಂದು ಸಲ ತಪ್ಪಿ, ಎಂಜಲು ಬೆರಳಲ್ಲಿ ಒರೆಸಿ,
"ಕ್ರೌನಿನ ಹಲ್ಲು ಹೆಚ್ಚಿದಷ್ಟೂ ಪಿನಿಯನ್ ತಲೆ ಸಣ್ಣ.
ಸಣ್ಣ ತಲೆ ಮೇಲೆ ದೊಡ್ಡ ಮೂಟೆ ಹೊರಿಸ್ತೀಯಾ?
ಎಂಟಕ್ಕೆ ಮೂವತ್ತೊಂಬತ್ತು. ಸಾಕು.
ಹಿಂದಕ್ಕೂ ಅದೇ, ಮುಂದಕ್ಕೂ ಅದೇ.
ಎರಡು ಆಕ್ಸಲ್ಲು ಎರಡು ಮಾತಾಡಿದ್ರೆ
ನಡುವೆ ಇರೋನು ಸಾಯ್ತಾನೆ."
"ನಡುವೆ ಯಾರು?"
"ಟ್ರಾನ್ಸ್‌ಫರ್ ಕೇಸು."

ಎಂಟರಿಂದ ಸರಿಯಾಗಿ ಭಾಗವಾಗದು ಮೂವತ್ತೊಂಬತ್ತು,
ಅದೇ ಅದರ ಒಳ್ಳೆಯತನ ಎಂದಳು ಅಮರಾವತಿ,
ಪಿಳ್ಳಪ್ಪನ ಮಗಳು, ಡಯಲ್ ಗೇಜು ಓದುವವಳು.
ನಲವತ್ತಾಗಿದ್ದರೆ ಈ ಹಲ್ಲಿಗೆ ಆ ಐದೇ ಹಲ್ಲು, ಸವೆಯುವವರೆಗೂ.
ಒಂದು ಕಮ್ಮಿಯಾದದ್ದಕ್ಕೆ
ಪ್ರತಿ ಹಲ್ಲೂ ಪ್ರತಿ ಹಲ್ಲನ್ನೂ ಮುಟ್ಟಿ ಬರಬೇಕು
ಮತ್ತೆ ಮೊದಲನೆಯದರ ಬಳಿಗೆ.

ಜೋಡಿಯೆರಡಕ್ಕೂ ಒಂದೇ ನಂಬರು ಕೆತ್ತಿತ್ತು.
ಮದುವೆಯ ಹೋಲಿಕೆ ನನ್ನ ನಾಲಿಗೆಯ ತುದಿಯಲ್ಲಿತ್ತು;
ಅವಳು ತಲೆ ಎತ್ತದೆ "ಎಲ್ರೂ ಅದೇ ಹೇಳ್ತಾರೆ" ಅಂದಳು.
ಹಳದಿ ಪೇಸ್ಟು ಬಳಿದು ತಿರುಗಿಸಿದಳು.
ಹಲ್ಲಿನ ಮೇಲೆ ಹುಣಸೆಬೀಜದಂಥ ಗುರುತು,
ನಡುವಿಗಿಂತ ಚೂರು ಆಳಕ್ಕೆ, ಬುಡದ ಕಡೆ. ಬಿಚ್ಚಿದಳು.
ಈರುಳ್ಳಿ ಸಿಪ್ಪೆಗಿಂತ ತೆಳುವಾದ ಶಿಮ್ಮೊಂದು ತೆಗೆದು
ಮತ್ತೆ ಜೋಡಿಸಿದಳು. ಮತ್ತೆ ಬಿಚ್ಚಿದಳು.
ಮೂರು ಸಲ ಟೀ ಬಂತು.
ಬಿಗಿಯಾಗಿ ಕೂರಿಸಿಬಿಡಿ ಅಂದದ್ದಕ್ಕೆ
"ಕೂದಲೆಳೆ ಸಡಿಲ ಇರಬೇಕು ಸಾರ್,
ಬಿಸಿಯಾದಾಗ ಉಬ್ಬೋಕೆ ಜಾಗ."

ಭಾನುವಾರ ಬೇತಮಂಗಲದ ಹತ್ತಿರ ಪಂದ್ಯ.
ನಾನು ಶ್ರೀನಿವಾಸಪುರದ ರಸ್ತೆಯಲ್ಲಿ
ಸೈಕಲ್ಲುಗಳಿಗೆ ದಾರಿ ಬಿಟ್ಟುಕೊಂಡು ಹೋಗುತ್ತಿದ್ದೆ.
ಪಿಳ್ಳಪ್ಪನ ಕಟ್ಟಪ್ಪಣೆ: ಇಪ್ಪತ್ತು ಕಿಲೋಮೀಟರು, ನಿಲ್ಲಿಸು.
ತಣ್ಣಗಾಗಲಿ. ಮತ್ತೆ ಇಪ್ಪತ್ತು.
ಒಂದೇ ವೇಗ ಬೇಡ, ಜೋರು ಬೇಡ, ಏನನ್ನೂ ಎಳೆಯಬೇಡ,
ಎಂಟುನೂರರವರೆಗೆ ಬಂಡೆ ಕಡೆ ತಲೆ ಹಾಕಬೇಡ.

ಮಾವಿನ ಮಂಡಿಯ ಹತ್ತಿರ ನಿಲ್ಲಿಸಿ
ಹೌಸಿಂಗಿನ ಮೇಲೆ ಅಂಗೈ ಇಟ್ಟೆ.
ಚುರುಕ್ಕೆಂದಿತು; ತೆಗೆಯಲಿಲ್ಲ.
ಹಾಲಿನವನೊಬ್ಬ ಕೆಟ್ಟು ನಿಂತಿದೆಯೆಂದು ಬಗ್ಗಿ ನೋಡಿದ.
"ಇಲ್ಲ, ಪಳಗಿಸ್ತಿದೀನಿ."
"ಓ, ಹೋರಿ ಥರ" ಎಂದು ಕ್ಯಾನು ಸರಿಮಾಡಿಕೊಂಡು ಹೋದ.
ಅಲ್ಲ. ಹೋರಿಗೆ ನಾವು ಅದಕ್ಕೆ ಬೇಡದ್ದನ್ನು ಕಲಿಸುತ್ತೇವೆ.
ಇಲ್ಲಿ ಎರಡು ಉಕ್ಕು ತಮ್ಮತಮ್ಮಲ್ಲೇ
ಎಲ್ಲೆಲ್ಲಿ ತಗುಲುತ್ತದೆಂದು ಕಂಡುಕೊಳ್ಳುತ್ತಿದ್ದವು,
ಅವಸರ ಮಾಡದಿರುವುದಷ್ಟೇ ನನ್ನ ಪಾಲಿನ ಕೆಲಸ.

ಫೋನು ಬಂತು: ರೆಡ್ಡೆಪ್ಪನಿಗೆ ಎರಡನೇ ಬಹುಮಾನ.
ಅವನದು ನಲವತ್ತಮೂರು.
ಹೊಟ್ಟೆ ಉರಿಯಿತು, ಅಂಗೈಗಿಂತ ಹೆಚ್ಚು.

ಎಂಟುನೂರ ಹನ್ನೆರಡಕ್ಕೆ ಎಣ್ಣೆ ಇಳಿಸಿದರು.
ಕಪ್ಪಲ್ಲ, ಬೂದು. ಬಿಸಿಲಿಗೆ ಹಿಡಿದರೆ
ಒಳಗೆಲ್ಲ ಪುಡಿಗಿಂತ ಪುಡಿ ಮಿನುಗು.
ನನ್ನೆದೆ ಧಸಕ್ಕೆಂದಿತು.
ಪಿಳ್ಳಪ್ಪ ಎರಡು ಬೆರಳಲ್ಲಿ ಉಜ್ಜಿ ನೋಡಿ
"ಇಷ್ಟು ಹೋಗಬೇಕು. ಹೋಗದಿದ್ರೆ ಸೇರಲ್ಲ" ಅಂದ,
ಬೆರಳನ್ನು ನನ್ನ ಅಂಗಿಗೇ ಒರೆಸಿದ.

ಅಮರಾವತಿ ಬಿಲ್ಲು ಬರೆದಳು, ಎಣ್ಣೆಗೆ ಬೇರೆ.
ಆ ಬಾಟಲಿ ನನಗೆ ಕೊಟ್ಟುಬಿಡಿ ಅಂದೆ.
"ಅದು ಅಂಗಡೀದು" ಅಂದ ಪಿಳ್ಳಪ್ಪ.