ಪ್ರಶ್ನೆ ಎರಡು

ಮನೆಯ ಹೀಟರ್ ಕೆಟ್ಟಿದೆ. ಮಾಲೀಕರಿಗೆ
ನೂರೈವತ್ತು ಪದಗಳಲ್ಲಿ ದೂರು ಬರೆಯಿರಿ.

ಲೆತೆಬ್ರಾನ್ ಬರೆದಿದ್ದಾಳೆ:
ಪ್ರಿಯ ಕೊವಾಲ್ ಸಾಹೇಬರೆ, ಮೊಣಕಾಲು ಹೇಗಿದೆ?
ನಿಮ್ಮ ಹೆಂಡತಿ, ಹೆಂಡತಿಯ ನಾಯಿ, ಎಲ್ಲ ಕ್ಷೇಮವೆ?
ನಾನು ಕ್ಷೇಮ. ಮಗಳಿಗೆ ಎರಡು ಹಲ್ಲು ಬಂತು.
ಹೀಗೇ ಒಂದೂವರೆ ಪುಟ ಉಭಯಕುಶಲೋಪರಿ.
ಕಟ್ಟಕಡೆಗೆ, ಸಹಿಗೂ ಕೆಳಗೆ, ಕಾಗದದ ಅಂಚಿಗಂಟಿಕೊಂಡು:
ಹೀಟರ್ ಹನ್ನೊಂದು ದಿನದಿಂದ ಸಾಯುತ್ತಿದೆ. ಅವಸರ ಇಲ್ಲ.

ಬ್ರೂಕ್ಸ್ ಊರಲ್ಲಿ ಇವತ್ತು ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ರಾತ್ರಿಯಿಡೀ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸಿ
ಬೆಳಿಗ್ಗೆ ನೇರ ನನ್ನ ತರಗತಿಗೆ ಬಂದು
ಕೈಗವಸು ತೆಗೆಯದೆ ಬರೆಯುತ್ತಾಳೆ.
ಅಕ್ಷರ ದಪ್ಪ, ಅದಕ್ಕೇ.

ಎರಡನೇ ಮೌಲ್ಯಮಾಪಕಿ ಡೊರೀನ್,
ಅಳತೆಗೋಲು ಬಿಟ್ಟು ಕೂದಲೆಳೆಯೂ ಅಲುಗದವಳು,
ಒಂದು ಕೊಟ್ಟಿದ್ದಳು.
‘ಇದರಲ್ಲಿ ದೂರೇ ಇಲ್ಲವಲ್ಲ.’
ನಾನು ನಾಲ್ಕು ಕೊಟ್ಟಿದ್ದೆ;
ಯಾಕೆಂದು ಹೇಳಲು ಬಾಯಿ ಬಾರದೆ
ಸುಮ್ಮನೆ ತಪ್ಪು ಎಣಿಸುತ್ತ ಕೂತೆ.
‘ದಿ’ ಬೇಕಾದಲ್ಲಿ ಇಪ್ಪತ್ಮೂರು ಕಡೆ ಬಿಟ್ಟಿದ್ದಾಳೆ.
ಹಾಕಿರುವುದು ಒಂದೇ ಕಡೆ, ಮೊಣಕಾಲಿಗೆ,
ಲೋಕದಲ್ಲಿ ನೋಯುವುದು ಅದೊಂದೇ ಎಂಬಂತೆ.

ತಲಾ ಒಂದೂವರೆ ಬಿಟ್ಟುಕೊಟ್ಟು
ಎರಡೂವರೆಗೆ ರಾಜಿಯಾದೆವು. ಪಾಸಾಗಲು ಮೂರು ಬೇಕು.
ಕೆಂಪು ಶಾಯಿಯಲ್ಲಿ ಬರೆದೆ: ವಿಷಯಕ್ಕೆ ಬೇಗ ಬನ್ನಿ.
ಡೊರೀನ್ ತಲೆದೂಗಿದಳು. ಕಟ್ಟಿಗೆ ರಬ್ಬರ್ ಸುತ್ತಿ
ದೀಪ ಆರಿಸಿ ಹೊರಟೆವು.

ಪ್ರಶ್ನೆಯಲ್ಲಿ ಮಾಲೀಕನಿಗೆ ಹೆಸರೇ ಇರಲಿಲ್ಲ
ಅನ್ನುವುದು ಹೊಳೆದದ್ದು
ಕಾರು ಹತ್ತಿ, ಹಲ್ಲು ಕಟಕಟ ಎನ್ನುತ್ತ,
ಹೀಟರಿನ ಗುಂಡಿ ಒತ್ತುವಾಗ.