ದಿನಕ್ಕೆ ಎರಡು ಗಳಿಗೆ

ಕಾಲಂ ಹನ್ನೊಂದು: ಸಂಶೋಧನೆಯ ಉದ್ದೇಶ,
ಐದುನೂರು ಪದ ಮೀರದಂತೆ.
ಮೂರು ರಾತ್ರಿಯಿಂದ ‘ಪ್ರಸ್ತುತ ಅಧ್ಯಯನವು’ ಎಂದು ಬರೆದು
ಅಲ್ಲೇ ಕೂತಿದ್ದೇನೆ,
ಕೊನೆಯ ದೋಣಿ ತಪ್ಪಿಸಿಕೊಂಡವಳಂತೆ.

ನಲವತ್ತೆರಡು ವರ್ಷ. ಮಾಸೂರಿನ ಕಿರಿಯ ಪ್ರಾಥಮಿಕ ಶಾಲೆ.
ಅಕ್ಕೋರು ಎಂದರೆ ನಾನೇ, ಬಿಸಿಯೂಟದ ಲೆಕ್ಕವೂ ನಾನೇ,
ಚುನಾವಣೆ ಬಂದರೆ ಚೀಟಿ ಹಿಡಿದು ಮನೆಮನೆ ತಿರುಗುವವಳೂ.
ಈಗ್ಯಾಕೆ ಪಿಎಚ್.ಡಿ. ಎಂದು ಕೇಳಿದ ಹೆಡ್‌ಮಾಸ್ತರಿಗೆ
ಉತ್ತರ ಕೊಡಲಿಲ್ಲ. ಗೊತ್ತಿರಲಿಲ್ಲ.

ಹೋದ ಸಲ ಧಾರವಾಡದಲ್ಲಿ
ಮೇಜಿನಾಚೆ ಐದು ಜನ ಕೂತಿದ್ದರು.
‘ಸೈದ್ಧಾಂತಿಕ ಚೌಕಟ್ಟು ಎಲ್ಲಿದೆಯಮ್ಮಾ?’
ಚೌಕಟ್ಟೆಂದರೆ ನನಗೆ ಪಾಟಿ ನೆನಪಾಯಿತು:
ಮೊದಲು ಕಳಚಿ ಬೀಳುವುದೇ ಅದರ ಕಟ್ಟಿಗೆಯ ಅಂಚು,
ಆಮೇಲೂ ವರ್ಷಗಟ್ಟಲೆ ಬರೆಯುತ್ತಾರೆ ಮಕ್ಕಳು,
ಬೆರಳು ಕೊಯ್ದುಕೊಂಡು.
ಇದನ್ನು ಹೇಳಲಿಲ್ಲ. ‘ತರ್ತೇನೆ ಸರ್’ ಅಂದೆ,
ಬಸ್ಸಿನಲ್ಲಿ ಮರೆತು ಬಂದ ಛತ್ರಿಯೇನೋ ಎಂಬಂತೆ.
ಗೈಡ್ ಕೂಡ ಖಾಲಿ ಇರಲಿಲ್ಲ ಬಿಡಿ;
ಹುಬ್ಬಳ್ಳಿ ಗಾಡಿಯ ಕಿಟಕಿ ಸೀಟಿನ ಹಾಗೆ
ಎಲ್ಲ ಮೊದಲೇ ಟವೆಲ್ ಹಾಕಿದವರ ಪಾಲು.

ಈ ಸಲ ಬರೆಯಬೇಕೆಂದಿರುವುದು ಇಷ್ಟೇ:
ಹುಣ್ಣಿಮೆ ಕಳೆದು ನಾಲ್ಕನೇ ದಿನ, ಐದನೇ ದಿನ,
ಅಮಾಸೆ ಕಳೆದರೂ ಹಾಗೇ,
ನನ್ನ ತರಗತಿಯಲ್ಲಿ ಹನ್ನೊಂದು ಮಕ್ಕಳಿರುವುದಿಲ್ಲ.
ಹೊಳೆ ಇಳಿದು ಬೆಳಚಿನ ದಿಬ್ಬ ಬೆನ್ನು ತೋರಿಸುವ ಹೊತ್ತಿಗೇ
ನಮ್ಮ ಪ್ರಾರ್ಥನೆಯ ಗಂಟೆ ಹೊಡೆಯುವ ದಿನಗಳವು.
ಇಲಾಖೆಯ ಹಾಳೆಯಲ್ಲಿ ಇದಕ್ಕೆ
‘ಪೋಷಕರ ನಿರಾಸಕ್ತಿ’ ಎಂದು ಹೆಸರು.

ಲವೇಶ ಹರಿಕಂತ್ರ, ನಾಲ್ಕನೇ ಇಯತ್ತೆ,
ದಶಕದಿಂದ ಕಡ ತರುವ ಲೆಕ್ಕದಲ್ಲಿ ಸದಾ ಸೊನ್ನೆ.
ನಾಳೆ ಇಳಿತ ಎಷ್ಟಕ್ಕೋ ಎಂದು ಸುಮ್ಮನೆ ಕೇಳಿದೆ.
‘ಇವತ್ತಿಗಿಂತ ಎರಡು ಗಳಿಗೆ ತಡ, ಅಕ್ಕೋರೆ.
ದಿನಾ ಎರಡು ಗಳಿಗೆ. ಅಜ್ಜಿ ಹೇಳೂದು.’
ಗಳಿಗೆಯೆಂದರೆ ಎಷ್ಟು ನಿಮಿಷ, ಅವನಿಗೆ ಗೊತ್ತಿಲ್ಲ.
ನಾನು ಗುಣಿಸಿದೆ: ನಲವತ್ತೆಂಟು.
ಬಂದರು ಕಚೇರಿಯ ಕೋಷ್ಟಕ ಐವತ್ತು ಅನ್ನುತ್ತದೆ.
ಸರಕಾರಕ್ಕೂ ಆ ಮುದುಕಿಗೂ
ಎರಡೇ ನಿಮಿಷದ ಜಗಳ.

ಆಕರಸೂಚಿಯಲ್ಲಿ ಸೇರಿಸೋಣವೆಂದರೆ
ಪ್ರಕಾಶಕರು ಯಾರು, ಎಷ್ಟನೇ ಮುದ್ರಣ ಎನ್ನುತ್ತದೆ ನಮೂನೆ.
ದೇವಿ ಸೋಮ ಹರಿಕಂತ್ರ, ಎಂದು ಬರೆದೆ,
ಹೊಳೆದಂಡೆ, ಮಾಸೂರು.
ಇಸವಿಯ ಜಾಗ ಖಾಲಿ ಬಿಟ್ಟೆ.

ದತ್ತಾಂಶ ಬೇಕಲ್ಲ. ಕಪಾಟಿನ ತಳದಿಂದ
ಹಳೆಯ ಹಾಜರಿ ಪುಸ್ತಕಗಳನ್ನೆಳೆದೆ,
ಗೆದ್ದಲು ಉಳಿಸಿದಷ್ಟು ವರ್ಷಗಳು.
ಭಟ್ಟರ ಮನೆಯ ಹಳೇ ಪಂಚಾಂಗಗಳನ್ನು ಪಕ್ಕಕ್ಕಿಟ್ಟುಕೊಂಡು
ಕೆಂಪು ಶಾಯಿಯ ‘ಗೈ’, ‘ಗೈ’, ‘ಗೈ’ಗಳ ಮೇಲೆ
ಬೆರಳೆಳೆಯುತ್ತ ಹೋದವಳು
ಒಂದು ಪುಟದಲ್ಲಿ ನಿಂತೆ.

ನಂಬರು ಹದಿನೇಳು, ಶೇವಂತಿ ಗಣಪತಿ ಅಂಬಿಗ.
ಚೌತಿ ಗೈ. ಪಂಚಮಿ ಗೈ. ಷಷ್ಠಿ ಅರ್ಧ ದಿನ.
ಅರ್ಧ ದಿನ ನೆನಪಿದೆ: ಚಿಪ್ಪು ಕೊಯ್ದ ಹಿಮ್ಮಡಿಗೆ
ಅವ್ವಿ ಸೆರಗು ಹರಿದು ಕಟ್ಟಿ,
‘ಮಗ್ಗಿಯಾದ್ರೂ ಹೇಳ್ಕಂಡು ಬಾ’ ಎಂದು ಅಟ್ಟಿದ್ದಳು.
ಒದ್ದೆ ಲಂಗ. ಕೊನೆಯ ಸಾಲು. ಕೆಸರಿನ ವಾಸನೆಗೆ
ಪಕ್ಕದವಳು ಸರಿದು ಕೂತದ್ದು.
ಷರಾದಲ್ಲಿ ಮಾಸ್ತರರ ದುಂಡು ಅಕ್ಷರ: ‘ಮಂದ’.

ಪುಸ್ತಕ ಮುಚ್ಚಲಿಲ್ಲ. ಫೋಟೋ ತೆಗೆದೆ.
ಅನುಬಂಧ ಒಂದು.

ಶಿಫಾರಸು ಪತ್ರ ಒಂದು ಬಂದಿದೆ,
ಕುಮಟಾದ ಬಿ.ಎಡ್. ಕಾಲೇಜಿನ ಸರ್ ಬರೆದದ್ದು:
‘ಇವರು ಸಮಯಪಾಲನೆಗೆ ಹೆಸರಾದವರು.’
ಓದಿ ನಗು ಬಂತು. ಯಾವ ಸಮಯ ಎಂದು ಬರೆದಿಲ್ಲ.
ಇನ್ನೊಂದು ಪತ್ರ ಇನ್ನೂ ಬರಬೇಕು.

ರಾತ್ರಿ ಹನ್ನೊಂದೂವರೆಗೆ ಅಂಗಳದ ಕಟ್ಟೆಯ ಮೇಲೆ ನಿಂತರೆ
ಎರಡು ಗೆರೆ ನೆಟ್‌ವರ್ಕ್ ಸಿಗುತ್ತದೆ.
‘ಪ್ರಸ್ತುತ ಅಧ್ಯಯನವು’ ಹೊಡೆದು ಹಾಕಿ
‘ನಮ್ಮ ಹೊಳೆ’ ಎಂದು ಶುರುಮಾಡಿದ್ದೇನೆ.
ಐದುನೂರಾ ಹದಿಮೂರು ಪದ. ಹದಿಮೂರನ್ನು ಎಲ್ಲಿ ಕಳೆಯಲಿ?
ಕಡ ತರಲು ಹಿಂದೆ ದಶಕವೇ ಇಲ್ಲ.

ಸಂದರ್ಶನ ಮುಂದಿನ ತಿಂಗಳು ಒಂಬತ್ತಕ್ಕಂತೆ.
ಪಂಚಾಂಗ ತಿರುವಿದೆ: ಪಂಚಮಿ.
ಹೆಡ್‌ಮಾಸ್ತರಿಗೆ ಈಗಲೇ ಹೇಳಿಟ್ಟಿದ್ದೇನೆ,
ಅವತ್ತು ಹನ್ನೊಂದಲ್ಲ ಸರ್,
ಹನ್ನೆರಡು ಗೈರು ಬರೆದುಕೊಳ್ಳಿ.