ಕೀಲಿಕೈ

ಮುಧೋಳದ ಮನಿ ಮುಟ್ಟಿ ಅಂಗಿ ಕಳದಾಗ
ಠಣ್ ಅಂತ ಬಿತ್ತು,
ಮೂರನೇ ಮಿಲ್ಲಿನ ಕೀಲಿಕೈ.

ಕೆಂಪು ಕೀಲಿ ಅಲ್ಲೇ, ಸ್ವಿಚ್ಚಿನ ಮ್ಯಾಲ.
ಚೀಟಿ ಹೇಳತೈತಿ:
ದುಂಡಪ್ಪ ಗಾಣಿಗೇರ ಒಳಗದಾನ,
ಚಾಲೂ ಮಾಡಬ್ಯಾಡ್ರಿ.
ನಾನಿಲ್ಲಿ, ರೊಟ್ಟಿ ಮುಂದ.

ಫೋನಿನ್ಯಾಗ ಶಿಫ್ಟ್ ಸಾಹೇಬ್ರು:
‘ಕಬ್ಬಿನ ಗಾಡಿ ರಸ್ತೇತನಕ ನಿಂತಾವು,
ಒಡದು ಬಿಡಲೇನು?’
‘ಒಡೀಬ್ಯಾಡ್ರಿ, ಬಂದೆ.’

ಬೈಕು ಒದ್ದೆ. ಕಾಕಂಬಿ ವಾಸನಿ ಎದುರು ಬಂತು.
ಗೇಟಿನ್ಯಾಗ ಲಾಲಸಾಬ
ಎಡಗೈಲೆ ಸಲಾಮು ಹೊಡದ.
ಅವನ ಬಲಗೈ ಹ್ವಾದ ಸೀಜನ್ನಿಗೆ
ಕೀಲಿ ಇದ್ದಿಲ್ಲ,
ಬರೇ ಬಾಯಿಮಾತು.

ಬೈಸಿಕೊಂಡೆ, ಸುಮ್ಮನ.
ಕೀಲಿ ತೆಗಿಯೂ ಮೊದಲ
ರೋಲರಿನ ಸಂದ್ಯಾಗ ಬಗ್ಗಿ ಕೂಗಿದೆ:
‘ಯಾರದೀರಿ ಒಳಗ?’
ನನ್ನ ದನೀನ ಓ ಅಂತು.
ಅದು ಹೊರಗ ಬರೂತನಕ
ನಿಂತೆ.